ಹಸು ಕೊಟ್ಟರು, ಹಗ್ಗ ಕೊಟ್ಟರೇ? ಜಗತ್ತನ್ನೆಲ್ಲ ಅಂತರ್ಜಾಲಕ್ಕೆ ಸೇರಿಸಲು ಹೊರಟವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2015ರ ಏಪ್ರಿಲ್‌ನಲ್ಲಿ ನಾನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ಒಂದು ಇಮೇಲ್ ಕಳುಹಿಸಿದೆ. ಜಾಲದ ಎಲ್ಲ ತಾಣಗಳಿಗೂ ಒಂದೇ ನಿಯಮವಿರಲಿ, ಫೇಸ್‌ಬುಕ್ ಮಾಡಹೊರಟಂತೆ ಆಯ್ದ ಕೆಲವನ್ನಷ್ಟೇ ಉಚಿತವಾಗಿ ಕೊಡುವುದು ಬೇಡ ಎಂದು ಅದರಲ್ಲಿ ಕೇಳಿದ್ದೆ. ಆ ದಿನಗಳಲ್ಲಿ ಹಾಗೆ ಬರೆದವರು ಹತ್ತು ಲಕ್ಷಕ್ಕೂ ಹೆಚ್ಚು ಜನ. ಆಮೇಲೆ ಈ ವಿಷಯ ಎಲ್ಲಿ ಎತ್ತಿದರೂ ಗೆಳೆಯರು, ವಿದ್ಯಾರ್ಥಿಗಳು, ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಅವುಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇನೆ.

ಜಗತ್ತನ್ನೆಲ್ಲ ಅಂತರ್ಜಾಲಕ್ಕೆ ಸೇರಿಸುವ ಈ ಉತ್ಸಾಹ ಶುರುವಾದದ್ದು ಯಾವಾಗ?

ಕನಸು ಹಳೆಯದು. 2005ರಲ್ಲಿ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ ಬಡ ದೇಶಗಳ ಮಕ್ಕಳಿಗೆ ನೂರು ಡಾಲರ್‌ನ ಲ್ಯಾಪ್‌ಟಾಪ್ ಕೊಡುವ ಯೋಜನೆ ಮುಂದಿಟ್ಟರು. ರುವಾಂಡಾದಲ್ಲಿ ಕೆಲಸ ಮಾಡಿ ಬಂದ ಗ್ರೆಗ್ ವೈಲರ್ 2007ರಲ್ಲಿ ಸ್ಥಾಪಿಸಿದ ಉಪಗ್ರಹ ಕಂಪನಿಯ ಹೆಸರಿನಲ್ಲೇ ಜಾಲದಿಂದ ಹೊರಗುಳಿದ ‘ಉಳಿದ ಮುನ್ನೂರು ಕೋಟಿ’ ಜನರಿದ್ದರು.

ಆದರೆ ದೊಡ್ಡ ಕಂಪನಿಗಳ ಒಡೆಯರೇ ಅಖಾಡಕ್ಕೆ ಇಳಿದದ್ದು 2013ರಲ್ಲಿ. ಜೂನ್‌ನಲ್ಲಿ ಗೂಗಲ್ ನ್ಯೂಜಿಲೆಂಡ್‌ನ ಆಕಾಶಕ್ಕೆ, ಮೇಲಿನಿಂದಲೇ ಅಂತರ್ಜಾಲ ಕೊಡುವ ಲೂನ್ ಬಲೂನುಗಳನ್ನು ಹಾರಿಬಿಟ್ಟಿತು. ಆಗಸ್ಟ್ 20ರಂದು ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್, ಕ್ವಾಲ್ಕಾಮ್, ಮೀಡಿಯಾಟೆಕ್ ಮತ್ತು ಒಪೆರಾ ಕಂಪನಿಗಳನ್ನು ಜೊತೆಗಿಟ್ಟುಕೊಂಡು ಹೊರಗುಳಿದವರನ್ನು ಜಾಲಕ್ಕೆ ಸೇರಿಸುವ ಇಂಟರ್‌ನೆಟ್ ಡಾಟ್ ಆರ್ಗ್ ಎಂಬ ಯೋಜನೆ ಘೋಷಿಸಿದರು. ಜೊತೆಗೇ ಹೊರಬಂದ ಲೇಖನದಲ್ಲಿ ಅವರು ಎತ್ತಿದ ಪ್ರಶ್ನೆ: ಸಂಪರ್ಕ ಮಾನವ ಹಕ್ಕೇ? ಸೇವಾ ಸಂಸ್ಥೆಗಳು ಬಳಸುವ ‘ಡಾಟ್ ಆರ್ಗ್’ ಎಂಬ ವಿಳಾಸವನ್ನು ಒಂದು ವ್ಯಾಪಾರಿ ಕಂಪನಿ ತನ್ನ ಯೋಜನೆಗೆ ಇಟ್ಟುಕೊಂಡದ್ದನ್ನು ಆಗಲೇ ಕೆಲವರು ಗುರುತಿಸಿ ಆಕ್ಷೇಪಿಸಿದ್ದರು.

ಜುಕರ್‌ಬರ್ಗ್ ಇದನ್ನು ಮಾಡಿದ್ದು ಕಾಳಜಿಯಿಂದಲೋ ಲಾಭಕ್ಕಾಗಿಯೋ?

ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು. ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂಬ ಒತ್ತಾಯವನ್ನು ನಾನು ಒಪ್ಪುವುದಿಲ್ಲ. 2012ರಲ್ಲಿ ಕಂಪನಿಯನ್ನು ಷೇರು ಮಾರುಕಟ್ಟೆಗೆ ತರುವಾಗಲೇ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ ಅವರು, ಫೇಸ್‌ಬುಕ್ ಹುಟ್ಟಿದ್ದು ಕಂಪನಿಯಾಗಲೆಂದಲ್ಲ, ಜಗತ್ತನ್ನು ಇನ್ನಷ್ಟು ಮುಕ್ತವಾಗಿಸಿ ಬೆಸೆಯುವ ಸಾಮಾಜಿಕ ಗುರಿಗಾಗಿ ಎಂದಿದ್ದರು. ಆ ನಂಬಿಕೆ ನಾಟಕವೆಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಕಟ್ಟಿದ ವಸ್ತುವೊಂದು ನೂರು ಕೋಟಿ ಜನರ ಕೈ ಸೇರಿದರೆ, ಅದರಿಂದ ಲೋಕಕ್ಕೆ ಒಳಿತೇ ಆಗುತ್ತದೆ ಎಂದು ಯಾರಿಗಾದರೂ ಅನ್ನಿಸೀತು.

ಆದರೆ ಅದೇ ಹೊತ್ತಿನ ವ್ಯವಹಾರವನ್ನೂ ನೋಡಿ. 2013ರ ನಡುವಿಗೆ ಫೇಸ್‌ಬುಕ್ ಬಳಸುವವರು ಸುಮಾರು 115 ಕೋಟಿ. ಶ್ರೀಮಂತ ದೇಶಗಳಲ್ಲಿ ಸೇರಬೇಕಾದವರಲ್ಲಿ ಬಹುತೇಕರು ಆಗಲೇ ಸೇರಿಯಾಗಿತ್ತು. ಷೇರುದಾರರಿಗೆ ಬೆಳವಣಿಗೆ ತೋರಿಸಬೇಕಾದರೆ ಇನ್ನು ಹೊಸಬರು ಬರಬೇಕಾದದ್ದು ಭಾರತ, ಇಂಡೊನೇಷ್ಯಾ, ಬ್ರೆಜಿಲ್, ಆಫ್ರಿಕಾಗಳಿಂದಲೇ. ಅಲ್ಲಿನ ಹೊಸಬರು ಜಾಲಕ್ಕೆ ಕಾಲಿಡುವಾಗ ಮೊದಲು ಕಾಣುವ ಮುಖ ಯಾರದ್ದಾಗಿರಬೇಕು? ಗೂಗಲ್‌ಗೂ ಫೇಸ್‌ಬುಕ್‌ಗೂ ಈ ಪ್ರಶ್ನೆ ಕೋಟ್ಯಂತರ ಡಾಲರ್ ಬಾಳುವಂಥದ್ದು.

ಹೀಗೆ ನಂಬಿಕೆಯೂ ಲಾಭವೂ ಒಂದೇ ದಿಕ್ಕಿಗೆ ನಡೆಯುವಾಗ ಮನುಷ್ಯನಿಗೆ ತನ್ನ ಉದ್ದೇಶ ಯಾವುದೆಂದು ತನ್ನಲ್ಲೇ ಕೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಎರಡೂ ಬೇರೆ ದಾರಿ ಹಿಡಿದ ಗಳಿಗೆಯಲ್ಲಿ ಅವನು ಯಾವುದರ ಹಿಂದೆ ಹೋದ ಎಂಬುದನ್ನು ನೋಡಬೇಕು. ಜುಕರ್‌ಬರ್ಗ್‌ಗೆ ಆ ಗಳಿಗೆ ಬಂದದ್ದು ಭಾರತದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಬಡವರಿಂದ ಲಾಭವೇ ಬರುವುದಿಲ್ಲ ಎಂದು ಅವರೇ ಹೇಳಿದ್ದರಲ್ಲ?

ಹೇಳಿದ್ದು ನಿಜ. ಈಗಾಗಲೇ ಫೇಸ್‌ಬುಕ್‌ನಲ್ಲಿ ಇರುವವರ ಬಳಿಯೇ ಜಗತ್ತಿನ ಹೆಚ್ಚಿನ ಹಣವಿದೆ, ಉಳಿದವರಿಗೆ ಸೇವೆ ಕೊಡುವುದು ಬಹುಕಾಲ ಲಾಭ ತರಲಿಕ್ಕಿಲ್ಲ ಎಂದು 2013ರ ಆ ಲೇಖನದಲ್ಲೇ ಬರೆದಿದ್ದರು. ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾದ ಪ್ರತಿ ಬಳಕೆದಾರರಿಂದ ಫೇಸ್‌ಬುಕ್‌ಗೆ ಬಂದದ್ದು ಸುಮಾರು 6 ಡಾಲರ್. ಏಷ್ಯಾದವರಿಂದ 1 ಡಾಲರ್‌ಗಿಂತ ಕಡಿಮೆ.

ಆದರೆ ತೆಂಗಿನ ಸಸಿ ನೆಡುವವನು ಈ ವರ್ಷವೇ ಕಾಯಿ ಎಣಿಸುವುದಿಲ್ಲ. ಜೊತೆಗೆ, ಆದಾಯ ಎಂದರೆ ಜಾಹೀರಾತಿನ ಹಣ ಮಾತ್ರವೂ ಅಲ್ಲ. 2013ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಒನಾವೊ ಎಂಬ ಇಸ್ರೇಲಿ ಕಂಪನಿಯನ್ನು ಕೊಂಡಿತು. ಅದರ ಆ್ಯಪ್ ಡೇಟಾ ಉಳಿಸಿಕೊಡುತ್ತೇನೆ ಎನ್ನುತ್ತಿತ್ತು. ಜನ ಯಾವ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆ ಎಂಬುದು ಅದರ ಮೂಲಕ ಫೇಸ್‌ಬುಕ್‌ಗೆ ಕಾಣುತ್ತಿತ್ತು. ವಾಟ್ಸ್‌ಆ್ಯಪ್ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದನ್ನು ತೋರಿಸುವ ಒನಾವೊ ನಕ್ಷೆಗಳು 2018ರಲ್ಲಿ ಬ್ರಿಟನ್ ಸಂಸತ್ತು ಬಹಿರಂಗಪಡಿಸಿದ ಕಡತಗಳಲ್ಲಿದ್ದವು. ವಾಟ್ಸ್‌ಆ್ಯಪ್ ಅನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಫೇಸ್‌ಬುಕ್ ಘೋಷಿಸಿದ್ದು 2014ರ ಫೆಬ್ರುವರಿಯಲ್ಲಿ. ಬಳಕೆದಾರರ ಮಾಹಿತಿಯನ್ನು ಸುರಕ್ಷಿತವಾಗಿಡುವುದಾಗಿ ಹೇಳಿ ಅದರ ನಿಜವಾದ ಬಳಕೆಯನ್ನು ಮರೆಮಾಚಿದ್ದಕ್ಕೆ ಆಸ್ಟ್ರೇಲಿಯಾದ ನ್ಯಾಯಾಲಯ 2023ರಲ್ಲಿ ಒನಾವೊ ಸೇರಿದಂತೆ ಎರಡು ಅಂಗಸಂಸ್ಥೆಗಳಿಗೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಕಂಪನಿಯ ನೀತಿಯನ್ನು ಬಿಟ್ಟು ಒಬ್ಬ ಮನುಷ್ಯನ ಉದ್ದೇಶವನ್ನು ಏಕೆ ಕೆದಕಬೇಕು?

ಏಕೆಂದರೆ ಈ ಕಂಪನಿಗಳಲ್ಲಿ ಎರಡೂ ಬೇರೆಯಲ್ಲ. ಫೇಸ್‌ಬುಕ್‌ನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಜುಕರ್‌ಬರ್ಗ್ ಒಬ್ಬರದ್ದೇ, ಏಕೆಂದರೆ ಅವರ ವಿಶೇಷ ಷೇರು ಒಂದಕ್ಕೆ ಹತ್ತು ಮತ. ಗೂಗಲ್ ಸ್ಥಾಪಕರ ಏರ್ಪಾಡೂ ಇಂಥದ್ದೇ.

ಫ್ರೀ ಬೇಸಿಕ್ಸ್‌ನಲ್ಲಿ ಸಿಗುತ್ತಿದ್ದದ್ದಾದರೂ ಏನು?

ಇಂಟರ್‌ನೆಟ್ ಡಾಟ್ ಆರ್ಗ್‌ನ ಆ್ಯಪ್‌ಗೆ 2015ರ ಸೆಪ್ಟೆಂಬರ್‌ನಲ್ಲಿ ಇಟ್ಟ ಹೆಸರು ಫ್ರೀ ಬೇಸಿಕ್ಸ್. ಅದು ಮೊದಲು ಬಂದದ್ದು 2014ರ ಜುಲೈನಲ್ಲಿ ಜಾಂಬಿಯಾಕ್ಕೆ, ಏರ್‌ಟೆಲ್ ಮೂಲಕ. ಭಾರತಕ್ಕೆ 2015ರ ಫೆಬ್ರುವರಿಯಲ್ಲಿ, ರಿಲಯನ್ಸ್ ಕಮ್ಯುನಿಕೇಷನ್ಸ್ ಮೂಲಕ. ಫೇಸ್‌ಬುಕ್, ವಿಕಿಪೀಡಿಯ, ಹವಾಮಾನ, ಉದ್ಯೋಗ, ಆರೋಗ್ಯ ಮಾಹಿತಿಯಂಥ ಕೆಲವು ಹತ್ತಾರು ತಾಣಗಳನ್ನು ಡೇಟಾ ಪ್ಯಾಕ್ ಇಲ್ಲದೆ ನೋಡಬಹುದಿತ್ತು. ಅದರಾಚೆ ಒಂದು ಕೊಂಡಿ ಒತ್ತಿದರೂ ಹಣ. ಒಳಗೆ ಬರಬೇಕಾದ ತಾಣಗಳು ಫೇಸ್‌ಬುಕ್ ಹಾಕಿದ ತಾಂತ್ರಿಕ ಷರತ್ತುಗಳಿಗೆ ತಮ್ಮನ್ನು ಹೊಂದಿಸಿಕೊಳ್ಳಬೇಕಿತ್ತು. ಓದುವವರ ಎಲ್ಲ ಸಂಚಾರ ಫೇಸ್‌ಬುಕ್‌ನ ಸರ್ವರ್ ಹಾದು ಹೋಗುತ್ತಿತ್ತು.

ಈ ಡೇಟಾದ ಖರ್ಚನ್ನು ಫೇಸ್‌ಬುಕ್ ಭರಿಸುತ್ತಿತ್ತು ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಅದನ್ನು ಹೊತ್ತದ್ದು ಮೊಬೈಲ್ ಕಂಪನಿ. ಉಚಿತದ ರುಚಿ ಹತ್ತಿದವರು ಬೇಗನೆ ರೀಚಾರ್ಜ್ ಮಾಡಿಸುತ್ತಾರೆ ಎಂಬುದು ಅದರ ಎಣಿಕೆ. ಬಳಸಿದವರಲ್ಲಿ ಅರ್ಧದಷ್ಟು ಜನ 30 ದಿನಗಳಲ್ಲಿ ಹಣ ಕೊಟ್ಟು ಪೂರ್ಣ ಜಾಲಕ್ಕೆ ಬರುತ್ತಾರೆ ಎಂದು ಫೇಸ್‌ಬುಕ್ಕೇ ಹೆಮ್ಮೆಯಿಂದ ಹೇಳುತ್ತಿತ್ತು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಏನೂ ಇಲ್ಲದವನಿಗೆ ಅಷ್ಟಾದರೂ ಸಿಕ್ಕಿದರೆ ತಪ್ಪೇನು?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡವನಲ್ಲ. ಕೈಯಲ್ಲಿ ಪೂರ್ಣ ಜಾಲವಿಟ್ಟುಕೊಂಡು ಇಮೇಲ್ ಕಳುಹಿಸಿದ ನಮ್ಮಂಥವರು, ಅದಿಲ್ಲದವರ ಪರವಾಗಿ ಬೇಡ ಎನ್ನುವುದು ಎಷ್ಟು ಸರಿ? ಜುಕರ್‌ಬರ್ಗ್ ಕೂಡ 2015ರ ಡಿಸೆಂಬರ್‌ನಲ್ಲಿ ಭಾರತದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಈ ಎಳೆಯನ್ನೇ ಹಿಡಿದರು. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕವೂ ಇರುವುದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆಯೂ ಸಿಗುವುದಿಲ್ಲ, ಆದರೂ ಅವು ಜೀವ ಉಳಿಸುತ್ತವೆ ಎಂಬುದು ಅವರ ವಾದ.

ಹೋಲಿಕೆ ಮನಸ್ಸಿಗೆ ನಾಟುತ್ತದೆ. ಆದರೆ ನಮ್ಮ ಊರಿನ ಗ್ರಂಥಾಲಯವನ್ನು ಒಬ್ಬ ಪ್ರಕಾಶಕ ನಡೆಸುವುದಿಲ್ಲ. ಯಾವ ಪುಸ್ತಕ ಅಲಮಾರಿಗೆ ಬರಬೇಕು ಎಂಬುದನ್ನು ಅವನು ಒಬ್ಬನೇ ತೀರ್ಮಾನಿಸಿ, ತನ್ನ ಪುಸ್ತಕವನ್ನು ಬಾಗಿಲಲ್ಲೇ ಇಟ್ಟು, ಯಾರು ಯಾವ ಪುಟ ತಿರುವಿದರು ಎಂದು ಬರೆದಿಟ್ಟುಕೊಳ್ಳುವುದಿಲ್ಲ. ಹಸುವನ್ನು ನಿಜವಾಗಿ ದಾನ ಮಾಡುವವರು ಹಗ್ಗವನ್ನೂ ಪಡೆದವರ ಕೈಗೆ ಕೊಡುತ್ತಾರೆ. ಇಲ್ಲಿ ಹಗ್ಗ ಕೊಟ್ಟವರ ಕೈಯಲ್ಲೇ ಉಳಿದಿತ್ತು.

ಇನ್ನೊಂದು ಮಾತು. ‘ಏನೂ ಇಲ್ಲ’ ಮತ್ತು ‘ಫ್ರೀ ಬೇಸಿಕ್ಸ್’ ಇವೆರಡೇ ದಾರಿಗಳು ಎಂಬುದು ಸರಿಯಲ್ಲ. ದಿನಕ್ಕೆ ಇಷ್ಟು ಎಂಬಿ ಪೂರ್ಣ ಜಾಲ ಉಚಿತವಾಗಿ ಕೊಡಿ, ವೇಗ ಕಡಿಮೆಯಿದ್ದರೂ ಪರವಾಗಿಲ್ಲ ಎಂದು ಅನೇಕರು ಸೂಚಿಸಿದ್ದರು. ನಂದನ್ ನಿಲೇಕಣಿ ಮತ್ತು ವೈರಲ್ ಷಾ, ಸರ್ಕಾರವೇ ಡೇಟಾ ಪ್ಯಾಕ್‌ಗೆ ನೇರ ಸಹಾಯಧನ ಕೊಡಬಹುದು ಎಂದು ಬರೆದರು. ಐಐಟಿಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸಹಿ ಹಾಕಿ ಫ್ರೀ ಬೇಸಿಕ್ಸ್ ಬೇಡವೆಂದರು. ಆ ಬೇರೆ ದಾರಿಗಳಲ್ಲಿ ಓದುಗನೇ ತನಗೆ ಬೇಕಾದ ಹತ್ತು ಪುಟಗಳನ್ನು ಆರಿಸಿಕೊಳ್ಳುತ್ತಿದ್ದ.

ಭಾರತದಲ್ಲಿ ಕೊನೆಗೆ ಏನಾಯಿತು?

ಒಂದೊಂದು ಸೇವೆಗೆ ಒಂದೊಂದು ದರ ಇಡಬಹುದೇ ಎಂದು ಟ್ರಾಯ್ 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಫೇಸ್‌ಬುಕ್ ತನ್ನ ಬಳಕೆದಾರರ ಪರದೆಯ ಮೇಲೆ ಸಿದ್ಧ ಪತ್ರವೊಂದನ್ನು ತೋರಿಸಿ, ಒಂದು ಒತ್ತಿನಲ್ಲಿ ಅದು ಟ್ರಾಯ್‌ಗೆ ಹೋಗುವಂತೆ ಮಾಡಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ರಸ್ತೆ ಬದಿಯಲ್ಲಿ ಫಲಕಗಳು. ಕೇಳಿದ ಪ್ರಶ್ನೆಗಳಿಗೆ ಆ ಪತ್ರಗಳಲ್ಲಿ ಉತ್ತರವೇ ಇರಲಿಲ್ಲ. ಗಂಭೀರ ಸಮಾಲೋಚನೆಯನ್ನು ಇದು ಒರಟಾದ, ಏರ್ಪಡಿಸಿದ ಜನಮತಗಣನೆಯಾಗಿ ಇಳಿಸುತ್ತಿದೆ ಎಂಬ ಅರ್ಥದಲ್ಲಿ ಟ್ರಾಯ್ ಕಂಪನಿಗೆ ಖಾರವಾಗಿ ಬರೆಯಿತು.

2016ರ ಫೆಬ್ರುವರಿ 8ರಂದು ನಿಯಮ ಬಂತು: ತಾಣ ನೋಡಿ ದರ ಬದಲಿಸುವಂತಿಲ್ಲ, ಮೀರಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ಕೆಲವೇ ದಿನಗಳಲ್ಲಿ ಫೇಸ್‌ಬುಕ್ ಫ್ರೀ ಬೇಸಿಕ್ಸ್ ಅನ್ನು ಭಾರತದಿಂದ ಹಿಂತೆಗೆದುಕೊಂಡಿತು.

ಮೇಲೆ ಹೇಳಿದ ಗಳಿಗೆ ಇದೇ. ಟ್ರಾಯ್ ನಿರಾಕರಿಸಿದ್ದು ಉಚಿತವನ್ನಲ್ಲ, ಆಯ್ದು ಕೊಡುವುದನ್ನು. ಪೂರ್ಣ ಜಾಲವನ್ನೇ ದಿನಕ್ಕೆ ಇಷ್ಟು ಎಂಬಿ ಎಂದು ಬಡವರಿಗೆ ಉಚಿತವಾಗಿ ಕೊಡಲು ಯಾವ ಅಡ್ಡಿಯೂ ಉಳಿದಿರಲಿಲ್ಲ. ಸಂಪರ್ಕವೇ ಗುರಿಯಾಗಿದ್ದರೆ ಮರುದಿನವೇ ಅದನ್ನು ಮಾಡಬಹುದಿತ್ತು. ಫೇಸ್‌ಬುಕ್ ಆರಿಸಿಕೊಂಡದ್ದು ಗಂಟುಮೂಟೆ ಕಟ್ಟುವುದನ್ನು. ಜುಕರ್‌ಬರ್ಗ್ ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸದೆಯೇ ನಾನು ಇಷ್ಟನ್ನು ಹೇಳಬಲ್ಲೆ.

ಆಗ ಕರ್ನಾಟಕದಲ್ಲಿ ಇದು ಸಿಗುತ್ತಿತ್ತೇ?

ಆರಂಭದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಅವು ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣ, ಮಹಾರಾಷ್ಟ್ರ ಮತ್ತು ಗುಜರಾತ್. ಮೊದಲ ಭಾಷೆಗಳಲ್ಲಿ ಕನ್ನಡವೂ ಇರಲಿಲ್ಲ. ಪಟ್ಟಿ ಮಾಡುವವರು ಎಲ್ಲೋ ಇದ್ದಾಗ ಯಾರ ಭಾಷೆ ಮೊದಲು, ಯಾರದ್ದು ಆಮೇಲೆ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನು ಡಿಜಿಟಲ್ ವಸಾಹತುಶಾಹಿ ಎಂದು ಕರೆಯುವುದು ಅತಿಯಾಗುವುದಿಲ್ಲವೇ?

ನನಗೂ ಆ ಪದ ಭಾರವೆನ್ನಿಸುತ್ತದೆ. ಸೈನ್ಯ, ಕಂದಾಯ, ಕ್ಷಾಮ ಕಂಡ ನಾಡಿನಲ್ಲಿ ಅದನ್ನು ಸುಮ್ಮನೆ ಬಳಸಬಾರದು. ಆದರೆ ಟ್ರಾಯ್ ನಿಯಮ ಬಂದ ಬೆನ್ನಿಗೇ ಫೇಸ್‌ಬುಕ್ ಆಡಳಿತ ಮಂಡಳಿಯ ಸದಸ್ಯ ಮಾರ್ಕ್ ಆಂಡ್ರೀಸೆನ್, ವಸಾಹತುಶಾಹಿಯನ್ನು ವಿರೋಧಿಸಿದ್ದರಿಂದಲೇ ಭಾರತೀಯರು ದಶಕಗಳ ಕಾಲ ಆರ್ಥಿಕವಾಗಿ ನಷ್ಟ ಉಂಡರು ಎಂಬ ಅರ್ಥದ ಟ್ವೀಟ್ ಮಾಡಿದರು. ಆಮೇಲೆ ಅಳಿಸಿ ಕ್ಷಮೆ ಕೇಳಿದರು. ಆ ಮಾತು ತಮಗೆ ನೋವು ತಂದಿದೆ ಎಂದು ಜುಕರ್‌ಬರ್ಗ್ ಬಹಿರಂಗವಾಗಿಯೇ ದೂರ ಸರಿದರು. ಆ ಪದವನ್ನು ಚರ್ಚೆಗೆ ಎಳೆದು ತಂದವರು ನಾವಷ್ಟೇ ಅಲ್ಲ ಎಂಬುದನ್ನು ನೆನಪಿಸಲು ಇದನ್ನು ಹೇಳಿದೆ.

ಗೂಗಲ್ ಇದಕ್ಕಿಂತ ಒಳ್ಳೆಯದಲ್ಲವೇ? ರೈಲು ನಿಲ್ದಾಣಗಳಲ್ಲಿ ವೈ-ಫೈ ಕೊಟ್ಟಿತ್ತಲ್ಲ?

ಕೊಟ್ಟಿತ್ತು, ಅದು ಪೂರ್ಣ ಜಾಲವೇ ಆಗಿತ್ತು. ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ಜೊತೆ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಶುರುವಾಗಿ 2018ರ ಜೂನ್‌ಗೆ 400 ನಿಲ್ದಾಣ ಮುಟ್ಟಿತು. ಎಷ್ಟೋ ವಿದ್ಯಾರ್ಥಿಗಳು ಪ್ಲಾಟ್‌ಫಾರ್ಮ್‌ನಲ್ಲಿ ಕುಳಿತು ಅರ್ಜಿ ತುಂಬಿದರು, ಪರೀಕ್ಷೆಗೆ ಓದಿದರು. ಗೂಗಲ್‌ಗೆ ತೆರೆದ ಜಾಲದಲ್ಲೇ ಲಾಭವಿದೆ, ಏಕೆಂದರೆ ಜನ ಎಲ್ಲಿಗೆ ಹೋಗಬೇಕಾದರೂ ಮೊದಲು ಅದರಲ್ಲೇ ಹುಡುಕುತ್ತಾರೆ. ಒಡೆಯರ ಹಿತ ಮತ್ತು ಜನರ ಹಿತ ಒಂದಾದಾಗ ಇಂಥ ಒಳ್ಳೆಯ ಕೆಲಸಗಳು ಆಗುತ್ತವೆ. ಡೇಟಾ ಅಗ್ಗವಾದ ಮೇಲೆ, 2020ರಲ್ಲಿ, ಗೂಗಲ್ ಆ ಯೋಜನೆಯಿಂದ ಹೊರನಡೆಯಿತು. ನಿಲ್ದಾಣದ ವೈ-ಫೈಯನ್ನು ರೈಲ್‌ಟೆಲ್ ಮುಂದುವರಿಸಿತು. ಕಟ್ಟಿದವರು ಬಿಟ್ಟುಹೋದರೂ ವ್ಯವಸ್ಥೆ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಉಳಿಯಿತು.

ಬಲೂನುಗಳ ಕಥೆ ಹಾಗಾಗಲಿಲ್ಲ. 2017ರಲ್ಲಿ ಚಂಡಮಾರುತ ಬಡಿದ ಪೋರ್ಟೊ ರಿಕೊದಲ್ಲಿ ಅವು ನಿಜಕ್ಕೂ ನೆರವಾದವು, 2020ರಲ್ಲಿ ಕೆನ್ಯಾದಲ್ಲಿ ವಾಣಿಜ್ಯ ಸೇವೆ ಶುರುವಾಯಿತು, 2021ರ ಜನವರಿಯಲ್ಲಿ ಖರ್ಚು ಗಿಟ್ಟದೆ ಮುಚ್ಚಿತು. ಫೇಸ್‌ಬುಕ್‌ನ ಸೌರ ಡ್ರೋನ್ ಅಕ್ವಿಲಾ ಕೂಡ 2018ರಲ್ಲೇ ನಿಂತಿತ್ತು.

ಬಿಲ್ ಗೇಟ್ಸ್ ಈ ಬಗ್ಗೆ ಏನೆಂದಿದ್ದರು?

ಮಲೇರಿಯಾದಿಂದ ಸಾಯುತ್ತಿರುವವನು ತಲೆಯೆತ್ತಿ ಬಲೂನು ನೋಡಿದರೆ ಅದರಿಂದ ಅವನಿಗೇನು ಉಪಯೋಗ ಎಂದು 2013ರಲ್ಲೇ ಕೇಳಿದ್ದರು. ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಒಪ್ಪಲಾರೆ. ಆಂಬುಲೆನ್ಸ್ ಕರೆಯಲು ಸಿಗ್ನಲ್ ಇಲ್ಲದ ಊರಿನವರಿಗೆ ಔಷಧಿ ಮತ್ತು ಸಂಪರ್ಕ ಬೇರೆ ಬೇರೆ ವಿಷಯಗಳಲ್ಲ.

ಜನರನ್ನು ಬೆಸೆದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯಲ್ಲಿ ತಪ್ಪೇನಿದೆ?

ಮ್ಯಾನ್ಮಾರ್ ನೋಡಿ. 2014ರವರೆಗೆ ಅಲ್ಲಿ ಸಿಮ್ ಕಾರ್ಡ್ ಬಡವರಿಗೆ ಎಟುಕದ ವಸ್ತು. ಆ ವರ್ಷ ವಿದೇಶಿ ಮೊಬೈಲ್ ಕಂಪನಿಗಳು ಬಂದು ಸುಮಾರು ಒಂದೂವರೆ ಡಾಲರ್‌ಗೆ ಸಿಗತೊಡಗಿತು. ಕೆಲವೇ ವರ್ಷಗಳಲ್ಲಿ ದೇಶವೇ ಫೋನ್ ಹಿಡಿಯಿತು, ಬಹಳ ಜನರಿಗೆ ಅಂತರ್ಜಾಲ ಎಂದರೆ ಫೇಸ್‌ಬುಕ್ ಎಂದೇ ಆಯಿತು. 2016ರಲ್ಲಿ ಫ್ರೀ ಬೇಸಿಕ್ಸ್ ಕೂಡ ಬಂತು. ರೋಹಿಂಗ್ಯಾ ಮುಸ್ಲಿಮರ ವಿರುದ್ಧದ ದ್ವೇಷ ಅದೇ ದಾರಿಯಲ್ಲಿ ಹರಿಯಿತು. ಜನ ಹಾಕುವ ಬರಹಗಳನ್ನು ನೋಡಿ ತೆಗೆಯಬೇಕಾದ, ಅಲ್ಲಿನ ಬರ್ಮೀಸ್ ಭಾಷೆ ಬಲ್ಲ ಪರಿಶೀಲಕರು ಫೇಸ್‌ಬುಕ್‌ನಲ್ಲಿ ಆರಂಭದ ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದರು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ಹಿಂಸೆಗೆ ಕುಮ್ಮಕ್ಕು ಕೊಡಲು ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲ ಎಂದು ಫೇಸ್‌ಬುಕ್ 2018ರ ನವೆಂಬರ್‌ನಲ್ಲಿ ಒಪ್ಪಿಕೊಂಡಿತು.

ಫೇಸ್‌ಬುಕ್‌ನ ಹಿರಿಯ ಅಧಿಕಾರಿ ಆಂಡ್ರ್ಯೂ ಬಾಸ್ವರ್ತ್ 2016ರ ಜೂನ್‌ನಲ್ಲಿ ಸಹೋದ್ಯೋಗಿಗಳಿಗೆ ಬರೆದ ಟಿಪ್ಪಣಿಯೊಂದು 2018ರಲ್ಲಿ ಹೊರಬಿತ್ತು. ನಾವು ಜನರನ್ನು ಬೆಸೆಯುತ್ತೇವೆ, ಅದರಿಂದ ಯಾರದೋ ಪ್ರಾಣ ಹೋದರೂ ಬೆಸೆಯುತ್ತೇವೆ, ಬೆಳವಣಿಗೆಗಾಗಿ ಮಾಡುವ ಎಲ್ಲವೂ ಅದಕ್ಕಾಗಿಯೇ ಸಮರ್ಥನೀಯ ಎಂಬುದು ಅದರ ಸಾರ. ಚರ್ಚೆ ಹುಟ್ಟಿಸಲು ಬರೆದದ್ದು, ಬರೆದಾಗಲೂ ಅದನ್ನು ಒಪ್ಪಿರಲಿಲ್ಲ ಎಂದು ಅವರು ಹೇಳಿದರು. ಜುಕರ್‌ಬರ್ಗ್ ಕೂಡ ತಾವು ಒಪ್ಪುವುದಿಲ್ಲ ಎಂದರು. ಆದರೂ ನನ್ನನ್ನು ಹೆಚ್ಚು ಹೆದರಿಸಿದ್ದು ಲಾಭದ ಆಸೆಗಿಂತ ಈ ಭಾವನೆಯೇ. ಲಾಭ ಬೇಕಾದವನು ನಷ್ಟವಾದರೆ ನಿಲ್ಲುತ್ತಾನೆ. ತಾನು ಮಾಡುವುದೆಲ್ಲ ಒಳಿತೇ ಎಂದು ನಂಬಿದವನನ್ನು ಯಾವುದು ನಿಲ್ಲಿಸಬೇಕು?

ಇಲಾನ್ ಮಸ್ಕ್ ಅವರ ಸ್ಟಾರ್‌ಲಿಂಕ್ ಉದ್ದೇಶವೇನು?

ಅವರು ಅದನ್ನು ಮುಚ್ಚಿಟ್ಟಿಲ್ಲ. ಉಪಗ್ರಹ ಅಂತರ್ಜಾಲದ ಆದಾಯ ಮಂಗಳ ಗ್ರಹಕ್ಕೆ ಹೋಗುವ ಖರ್ಚಿಗೆ ಎಂದು ಆರಂಭದಿಂದಲೂ ಹೇಳಿದ್ದಾರೆ. ಉಚಿತವೆಂದೂ ಹೇಳಲಿಲ್ಲ, ಹಣ ಕೊಟ್ಟವರಿಗೆ ಪೂರ್ಣ ಜಾಲ. 2019ರ ಮೇ ತಿಂಗಳಲ್ಲಿ 60 ಉಪಗ್ರಹಗಳಿಂದ ಶುರುವಾದದ್ದು ಈಗ ಸಾವಿರಗಳ ಲೆಕ್ಕದಲ್ಲಿದೆ. ಈ ನೇರ ನುಡಿಯನ್ನು ನಾನು ಮೆಚ್ಚುತ್ತೇನೆ.

ಆತಂಕ ಇರುವುದು ಬೇರೆಡೆ. 2022ರ ಫೆಬ್ರುವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಉಕ್ರೇನಿನ ಸಚಿವರು ಟ್ವಿಟರ್‌ನಲ್ಲಿ ಕೇಳಿದ ಕೆಲವೇ ಗಂಟೆಗಳಲ್ಲಿ ಮಸ್ಕ್ ಸೇವೆ ತೆರೆದರು. ಅದು ಆ ದೇಶಕ್ಕೆ ಉಸಿರು ಕೊಟ್ಟಿತು. ಮುಂದೆ ಕ್ರಿಮಿಯಾದ ಸೆವಾಸ್ಟೊಪೋಲ್‌ವರೆಗೆ ಸೇವೆ ತೆರೆಯಿರಿ ಎಂಬ ತುರ್ತು ಕೋರಿಕೆಯನ್ನು ತಾವು ನಿರಾಕರಿಸಿದ್ದಾಗಿ ಅವರೇ 2023ರಲ್ಲಿ ಹೇಳಿದರು. ಎರಡೂ ತೀರ್ಮಾನಗಳಿಗೆ ಕಾರಣಗಳಿರಬಹುದು. ಆದರೆ ಯುದ್ಧದಲ್ಲಿರುವ ದೇಶವೊಂದರ ಸಂಪರ್ಕ ಎಲ್ಲಿಯವರೆಗೆ ಎಂದು ಯಾರೂ ಚುನಾಯಿಸದ ಒಬ್ಬ ವ್ಯಕ್ತಿ ತೀರ್ಮಾನಿಸಿದ. ಮತ್ತೆ ಅದೇ ಹಗ್ಗ.

ಭಾರತ ಫ್ರೀ ಬೇಸಿಕ್ಸ್ ಅನ್ನು ಹೊರಗಟ್ಟಿ ಗೆದ್ದಿತೇ?

ನಿಯಮದ ಮಟ್ಟಿಗೆ ಗೆದ್ದಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದು ಡೇಟಾ ಬೆಲೆ ಕುಸಿಯಿತು. ಅಗ್ಗದ ಪೂರ್ಣ ಜಾಲ ಬಡವರನ್ನು ತಲುಪಬಲ್ಲದು ಎಂದು ತೋರಿತು. ಆದರೆ 2020ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ 43,574 ಕೋಟಿ ರೂಪಾಯಿ ಕೊಟ್ಟು ಜಿಯೊ ಪ್ಲಾಟ್‌ಫಾರ್ಮ್ಸ್‌ನ 9.99% ಪಾಲು ಕೊಳ್ಳುವುದಾಗಿ ಘೋಷಿಸಿತು. ಜುಲೈನಲ್ಲಿ ಗೂಗಲ್ 33,737 ಕೋಟಿಗೆ 7.73% ಕೊಳ್ಳುವುದಾಗಿ ಪ್ರಕಟವಾಯಿತು. ನಮ್ಮ ಇಮೇಲ್‌ಗಳು ಒಂದು ಬಾಗಿಲು ಮುಚ್ಚಿಸಿದವು. ಬಂಡವಾಳ ಇನ್ನೊಂದು ಬಾಗಿಲಿನಿಂದ, ಕಾನೂನುಬದ್ಧವಾಗಿಯೇ, ಒಳಗೆ ಬಂತು. 2025ರಲ್ಲಿ ಮೆಟಾ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಅಮೆರಿಕ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಮತ್ತು ಭಾರತವನ್ನು ಸೇರಿಸುವ 50,000 ಕಿಲೋಮೀಟರ್‌ಗೂ ಉದ್ದದ ಕಡಲಾಳದ ಕೇಬಲ್ ಘೋಷಿಸಿದೆ. ಆ್ಯಪ್‌ನಿಂದ ಆರಂಭವಾದ ಆಸಕ್ತಿ ಈಗ ತಂತಿಯವರೆಗೆ ಇಳಿದಿದೆ.

ನಮ್ಮ ಮಲೆನಾಡಿನ ಊರಿಗೆ ಇನ್ನೂ ಸಿಗ್ನಲ್ ಇಲ್ಲ. ಸ್ಟಾರ್‌ಲಿಂಕ್ ಬಂದರೆ ಹಾಕಿಸಿಕೊಳ್ಳಬಾರದೇ?

ಹಾಕಿಸಿಕೊಳ್ಳಿ, ಕೈಗೆಟುಕಿದರೆ. ಕೊರೊನಾ ಕಾಲದಲ್ಲಿ ನಿಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಮಳೆಯಲ್ಲಿ ಛತ್ರಿ ಹಿಡಿದು ಗುಡ್ಡ ಹತ್ತಿದ್ದನ್ನು ನಾಡೆಲ್ಲ ನೋಡಿದೆ. ನಿಮ್ಮ ಊರಿನ ಸಮಸ್ಯೆ ಟವರ್ ಇಲ್ಲದಿರುವುದು. ಫ್ರೀ ಬೇಸಿಕ್ಸ್ ಇದ್ದಿದ್ದರೂ ನಿಮಗೆ ಸಿಗುತ್ತಿರಲಿಲ್ಲ, ಏಕೆಂದರೆ ಅದಕ್ಕೂ ಟವರ್ ಬೇಕಿತ್ತು. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಆಕಾಶಕ್ಕೆ ತೆರೆದ ಜಾಗ ಬೇಕು; ದಟ್ಟ ಮರಗಳ ನಡುವಿನ ಮನೆಗಳಲ್ಲಿ ಡಿಶ್ ಎಲ್ಲಿಡುವುದೆಂದು ಮೊದಲೇ ನೋಡಿಕೊಳ್ಳಿ. ಡಿಶ್‌ಗೆ, ರೌಟರ್‌ಗೆ ಕರೆಂಟ್ ಬೇಕು, ಮಳೆಗಾಲದಲ್ಲಿ ಅದು ಎಷ್ಟು ದಿನ ಇರುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಮನೆಗೊಂದರಂತೆ ದುಬಾರಿಯಾದರೆ ಶಾಲೆಗೋ ಹಾಲಿನ ಡೇರಿಗೋ ಒಂದು ಹಾಕಿಸಿ ಹಂಚಿಕೊಳ್ಳಲು ಷರತ್ತುಗಳು ಬಿಡುತ್ತವೆಯೇ ಎಂದು ಕೇಳಿ.

ಅಷ್ಟಾದ ಮೇಲೂ ಪಂಚಾಯಿತಿಗೆ ಹೋಗಿ ಹಳ್ಳಿಗಳಿಗೆ ಅಂತರ್ಜಾಲ ತರುವ ಸರ್ಕಾರಿ ಯೋಜನೆ ಭಾರತ್‌ನೆಟ್‌ನ ಕೇಬಲ್ ಎಲ್ಲಿಯವರೆಗೆ ಬಂದಿದೆ ಎಂದು ಕೇಳುವುದನ್ನು ನಿಲ್ಲಿಸಬೇಡಿ. 2011ರಲ್ಲಿ ಮಂಜೂರಾದ ಆ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳನ್ನು ಮುಟ್ಟಬೇಕಿತ್ತು. ನಿಧಾನವಾಗಿದೆ, ಎಷ್ಟೋ ಕಡೆ ತುಂಡಾಗಿ ಬಿದ್ದಿದೆ. ಆದರೆ ಅದು ನಮ್ಮ ಹಣದ್ದು, ಮತ್ತು ಅದರ ಬಗ್ಗೆ ಅರ್ಜಿ ಹಾಕಿ ಉತ್ತರ ಕೇಳುವ ಹಕ್ಕು ನಿಮಗಿದೆ.